ಕಾರಣವೋ, ಸಬೂಬೋ?

ಹೋದ ಆಷಾಢದ ಒಂದು ಸಂಜೆ. ಮಳೆ ಹೊಡೆದು ಮಲಕಪೇಟೆಯ ನಮ್ಮ ಗಲ್ಲಿಯಲ್ಲಿ ಮೊಣಕಾಲುದ್ದ ನೀರು ನಿಂತಿತ್ತು. ನನ್ನ ಸಂಜೆಯ ತಿರುಗಾಟ ತಪ್ಪಿತು. ಚಹಾ ಕುಡಿದು ಕುರ್ಚಿಯಲ್ಲಿ ಕೂತಿದ್ದೆ. ಎಂಟನೆಯ ತರಗತಿಯಲ್ಲಿ ಓದುವ ಮೊಮ್ಮಗಳು ನೋಟ್‌ಬುಕ್ಕು ಹಿಡಿದುಕೊಂಡು ಬಂದು ಪಕ್ಕದಲ್ಲಿ ಕುಳಿತಳು.

"ಮುತ್ಯಾ, ಶಾಲ್ಯಾಗ ಹೋಂವರ್ಕ್ ಕೊಟ್ಟಾರ. 'ರೀಸನ್' ಅನ್ನೋ ಶಬ್ದಕ್ಕ ಇಂಗ್ಲಿಷಿನ್ಯಾಗ ಹತ್ತು ಸಿನಾನಿಮ್ ಬರೀಬೇಕು. ಮದರ್ ಟಂಗಿನ್ಯಾಗ ಐದು. ಐದಕ್ಕೂ ಒಂದೊಂದು ವಾಕ್ಯ."

ಕಲಬುರಗಿ ಕಡೆಯ ನಮಗೆ ತಾತನೆಂದರೆ ಮುತ್ಯಾ. ಐವತ್ತು ವರ್ಷ ಹೈದರಾಬಾದಿನಲ್ಲಿ ಕಳೆದ ಮೇಲೂ ಆ ಒಂದು ಶಬ್ದ ಮನೆಯಲ್ಲಿ ಉಳಿದಿದೆಯಲ್ಲ ಎಂದು ನನಗೆ ಹೆಮ್ಮೆ. ಮೇಲಾಗಿ ಶಬ್ದಗಳ ಅರ್ಥ ಕೇಳುವವರು ಸಿಕ್ಕರೆ ಪಿಂಚಣಿದಾರನಿಗೆ ಹಬ್ಬವೇ ಸರಿ. ಆಬಿಡ್ಸಿನ ಫುಟ್‌ಪಾತಿನಲ್ಲಿ ಭಾನುವಾರಗಳಂದು ಹಳೆಯ ಪುಸ್ತಕ ಹರವಿ ಮಾರುತ್ತಾರಲ್ಲ, ಅಲ್ಲಿ ಒಂದೊಂದಾಗಿ ಕೊಂಡು ತಂದ ನಿಘಂಟುಗಳು ಕಪಾಟಿನಲ್ಲಿ ಬಹಳ ದಿನಗಳಿಂದ ಧೂಳು ತಿನ್ನುತ್ತಿದ್ದವು. ಅವನ್ನೆಲ್ಲ ಇಳಿಸಿದೆ.

ಮೊದಲು ಇಂಗ್ಲಿಷಿನ ಪಾಲು ಮುಗಿಸೋಣವೆಂದು ಕೂತೆವು. ರೀಸನ್ ಎಂಬುದರ ಮೂಲ ಲ್ಯಾಟಿನ್ನಿನ 'ರಾಷಿಯೊ'. ಹಾಗೆಂದರೆ ಲೆಕ್ಕ, ಎಣಿಕೆ. ನಮ್ಮ ರೇಷನ್ ಕಾರ್ಡಿನ ರೇಷನ್ನು ಕೂಡ ಅದೇ ತಾಯಿಯ ಮಗು ಎಂದಾಗ ಹುಡುಗಿ ನಕ್ಕಳು. ಲೆಕ್ಕ ಹಾಕಬಲ್ಲದ್ದು ಬುದ್ಧಿ. ಆದ್ದರಿಂದ ರೀಸನ್ ಎಂದರೆ ವಿವೇಕವೂ ಹೌದು, ಆ ವಿವೇಕ ಮುಂದಿಡುವ ಕಾರಣವೂ ಹೌದು. 'ಮೋಟಿವ್' ಎಂದರೆ ಒಳಗಿನಿಂದ ನೂಕುವುದು. 'ಗ್ರೌಂಡ್ಸ್' ಎಂದರೆ ನಿಂತ ನೆಲ. ನಮ್ಮಲ್ಲಿಯೂ ಕುಣಿಯಲಾರದವಳು ದೂರಿದ್ದು ನೆಲವನ್ನೇ ಅಲ್ಲವೆ? 'ಪ್ರಿಟೆಕ್ಸ್ಟ್' ಎಂದರೆ ಮುಂದೆ ನೇಯ್ದು ಕಟ್ಟಿದ ಪರದೆ. ಇನ್ನು 'ಕಾಸ್' ಎಂಬುದು ಲ್ಯಾಟಿನ್ನಿನ 'ಕಾಸಾ'ದಿಂದ ಬಂದದ್ದು. ಆ ಶಬ್ದಕ್ಕೆ ಕಾರಣ ಎಂಬ ಅರ್ಥದ ಜೊತೆಗೆ ಕೋರ್ಟಿನ ವ್ಯಾಜ್ಯ ಎಂಬ ಅರ್ಥವೂ ಇತ್ತು. ಹೈಕೋರ್ಟಿನಲ್ಲಿ ದಿನವೂ ಹೊರಡುವ 'ಕಾಸ್ ಲಿಸ್ಟ್' ಆ ಹಳೆಯ ಅರ್ಥವನ್ನು ಇಂದಿಗೂ ಉಳಿಸಿಕೊಂಡಿದೆ. ಈ 'ಕಾಸಾ' ಎಂಬ ತಾಯಿಗೆ ಹುಟ್ಟಿದ ಮಕ್ಕಳನ್ನು ನೋಡಿ: 'ಬಿಕಾಸ್', 'ಅಕ್ಯೂಸ್', 'ಎಕ್ಸ್‌ಕ್ಯೂಸ್'. ಒಬ್ಬ ಕಾರಣ ಹೇಳುತ್ತಾನೆ, ಇನ್ನೊಬ್ಬ ಆರೋಪ ಹೊರಿಸುತ್ತಾನೆ, ಮೂರನೆಯವನು ನುಣುಚಿಕೊಳ್ಳುತ್ತಾನೆ. ಒಂದೇ ಮನೆಯಲ್ಲಿ ಮೂವರೂ ಇರುವುದು ನಮಗೇನು ಹೊಸದಲ್ಲ.

ಹತ್ತು ತುಂಬಿದವು. "ಈಗ ಕನ್ನಡ," ಎಂದು ನಾನು ತೋಳು ಮೇಲೇರಿಸಿದೆ.

ಮೊದಲನೆಯದು 'ಕಾರಣ'. ಸಂಸ್ಕೃತದ 'ಮಾಡು' ಎಂಬ ಧಾತುವಿನಿಂದ ಬಂದದ್ದು, ಕಾರ್ಯವೂ ಅಲ್ಲಿಂದಲೇ. ಯಾವುದರಿಂದ ಒಂದು ಕೆಲಸ ಆಯಿತೋ ಅದು ಕಾರಣ. ಈ ಶಬ್ದಕ್ಕೆ ನಮ್ಮ ಜನ ಕೊಟ್ಟ ಗೌರವ ದೊಡ್ಡದು. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭಾರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದೇ ಒಂದು ಮಾತು ಕೂಗುತ್ತಾನೆ. ಲಕ್ಷಗಟ್ಟಲೆ ಜನ ಉಸಿರು ಬಿಗಿಹಿಡಿದು ಕೇಳಿ, ಮಳೆ ಬೆಳೆ ರಾಜಕೀಯವನ್ನೆಲ್ಲ ಅದರಿಂದ ಊಹಿಸುತ್ತಾರೆ. ಅದಕ್ಕೆ ಹೆಸರೇ ಕಾರಣಿಕ. ಮಹಾತ್ಮರನ್ನು ಕಾರಣಪುರುಷರೆಂದು ಕರೆಯುವುದೂ ಉಂಟು.

ಎರಡನೆಯದು 'ಹೇತು'. ಇದಕ್ಕೂ ಕಾರಣಕ್ಕೂ ಏನು ವ್ಯತ್ಯಾಸವೆಂದು ಹುಡುಗಿ ಕೇಳಿದಳು. ತರ್ಕಶಾಸ್ತ್ರದವರು ಕೊಡುವ ಹಳೆಯ ಉದಾಹರಣೆಯನ್ನೇ ಕೊಟ್ಟೆ. ಬೆಟ್ಟದ ಮೇಲೆ ಬೆಂಕಿ ಇದೆ. ಏಕೆಂದರೆ ಹೊಗೆ ಕಾಣುತ್ತಿದೆ. ಇಲ್ಲಿ ಹೊಗೆ ಹೇತು. ಆದರೆ ಹೊಗೆಯಿಂದ ಬೆಂಕಿ ಹುಟ್ಟಿತೇ? ಇಲ್ಲ, ಬೆಂಕಿಯೇ ಹೊಗೆಗೆ ಕಾರಣ. ಹೊಗೆ ನಮಗೆ ಬೆಂಕಿಯನ್ನು ತಿಳಿಸಿಕೊಟ್ಟಿತು, ಅಷ್ಟೆ. ಒಂದು ವಿಷಯವನ್ನು ಆಗಿಸುವುದು ಬೇರೆ, ಅದನ್ನು ನಂಬುವಂತೆ ಮಾಡುವುದು ಬೇರೆ. ಇಷ್ಟು ಸೂಕ್ಷ್ಮವನ್ನು ನಮ್ಮ ಹಿಂದಿನವರು ಅಡಿಗೆಮನೆಯ ಹೊಗೆಯಿಂದಲೇ ಕಲಿಸುತ್ತಿದ್ದರು.

ಮೂರನೆಯದು 'ನಿಮಿತ್ತ'. ಮಡಕೆ ಆಗಬೇಕಾದರೆ ಮಣ್ಣು ಬೇಕು, ಕುಂಬಾರನೂ ಬೇಕು. ಮಣ್ಣು ಮಡಕೆಯೊಳಗೇ ಉಳಿಯುತ್ತದೆ. ಕುಂಬಾರ ಕೈ ತೊಳೆದುಕೊಂಡು ಮನೆಗೆ ಹೋಗುತ್ತಾನೆ. ಅವನು ನಿಮಿತ್ತಕಾರಣ. ಗೀತೆಯ ಹನ್ನೊಂದನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ನೀನು ಬರಿಯ ನಿಮಿತ್ತನಾಗು ಎಂದ ಮೇಲೆ ಈ ಶಬ್ದಕ್ಕೆ ಒಂದು ವಿನಯ ಬಂದುಬಿಟ್ಟಿತು. ನಮ್ಮ ಕನ್ನಡಿಗರ ಸಮಾರಂಭಗಳಲ್ಲಿ ಸನ್ಮಾನ ಮಾಡಿಸಿಕೊಂಡವರು "ನಾನು ಕೇವಲ ನಿಮಿತ್ತ" ಎನ್ನದೆ ಶಾಲು ಹೊದ್ದದ್ದನ್ನು ನಾನಂತೂ ಕಂಡಿಲ್ಲ.

ಇವು ಮೂರೂ ಸಂಸ್ಕೃತದ ಕೊಡುಗೆ. ನಾವು ದಿನನಿತ್ಯ ಆಡುವ ಮಾತು ಬೇರೆಯೇ. ಮೈಸೂರು ಕಡೆಯವರು 'ನಿನ್ನ ದೆಸೆಯಿಂದ ಹೀಗಾಯಿತು' ಎಂದರೆ ನಮ್ಮ ಕಡೆ 'ನಿನ ಸಂಬಂಧ ಹಿಂಗಾತು' ಎನ್ನುತ್ತೇವೆ. ದೆಸೆ ಎಂದರೆ ದಿಕ್ಕು. ಶಾಲೆಯಲ್ಲಿ ನಮಗೆ ಪಂಚಮೀ ವಿಭಕ್ತಿಯ ಪ್ರತ್ಯಯವೆಂದು ಬಾಯಿಪಾಠ ಮಾಡಿಸಿದ್ದೂ 'ದೆಸೆಯಿಂದ' ಎಂಬುದನ್ನೇ. ಹಳಗನ್ನಡದಲ್ಲಿ ಅದು 'ಅತ್ತಣಿಂ', ಅಂದರೆ ಆ ಕಡೆಯಿಂದ. ತೊಂದರೆ ಯಾವ ದಿಕ್ಕಿನಿಂದ ಬಂತೆಂದು ಕೈ ತೋರಿಸುವುದೇ ಕಾರಣ ಹೇಳುವುದು. ನಮ್ಮ ಕಡೆಯ 'ಸಂಬಂಧ' ಇನ್ನೂ ಸ್ವಾರಸ್ಯವಾಗಿದೆ. ನನ್ನ ಕಷ್ಟಕ್ಕೂ ನಿನಗೂ ಸಂಬಂಧ ಉಂಟು ಎಂದ ಮೇಲೆ ಜಗಳದಲ್ಲಿಯೂ ನೆಂಟತನ ಉಳಿಯಿತಲ್ಲ!

ಇಲ್ಲಿಗೆ ನಾಲ್ಕಾದವು. "ಐದನೇದು?" ಎಂದಳು.

"ಸಬೂಬು," ಎಂದೆ. ಈ ಶಬ್ದ ಹೊರಟದ್ದೇ ತಡ, ನನಗೆ ನಮ್ಮ ಅಪ್ಪನ ನೆನಪಾಯಿತು.

ನಮ್ಮದು ಸೇಡಂ ತಾಲ್ಲೂಕು. ಹೈದರಾಬಾದಿನಿಂದ ವಾಡಿಯ ಕಡೆಗೆ ರೈಲಿನಲ್ಲಿ ಹೋಗುವವರು ವಿಕಾರಾಬಾದು, ತಾಂಡೂರು ದಾಟಿದ ಮೇಲೆ ಸೇಡಂ ಕಾಣುತ್ತಾರೆ. ಅದರ ಮುಂದೆ ಮಳಖೇಡ ರೋಡ್. ರಾಷ್ಟ್ರಕೂಟರ ಮಾನ್ಯಖೇಟ ಅದೇ. ಒಂಬತ್ತನೆಯ ಶತಮಾನದ 'ಕವಿರಾಜಮಾರ್ಗ' ಆ ಅರಸರ ಆಸ್ಥಾನದ್ದು. ಅಂಥ ನೆಲದಲ್ಲಿ ಹುಟ್ಟಿದ ನಮ್ಮ ಅಪ್ಪನಿಗೆ ಕನ್ನಡ ಓದಲು ಸರಿಯಾಗಿ ಬರುತ್ತಿರಲಿಲ್ಲ. ಅವರು ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕಚೇರಿ ಉರ್ದು, ಕೋರ್ಟು ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ತಹಸೀಲು ಕಚೇರಿಯ ಕಾರಕೂನರಾಗಿದ್ದ ಅಪ್ಪ ಮನೆಯ ಜಮಾಖರ್ಚನ್ನೂ ಉರ್ದುವಿನಲ್ಲಿಯೇ ಬರೆಯುತ್ತಿದ್ದರು. ನಾವು ತಪ್ಪು ಮಾಡಿ ನಿಂತರೆ ಅವರ ಮೊದಲ ಪ್ರಶ್ನೆ: "ಸಬಬ್ ಏನು?"

ಅವರ ಬಾಯಲ್ಲಿ ಸಬಬ್ ಎಂದರೆ ಕಾರಣ. ಅದು ಅರಬ್ಬಿ ಶಬ್ದ, ಮೂಲದಲ್ಲಿ ಹಗ್ಗ ಎಂಬ ಅರ್ಥ. ಹಗ್ಗ ಹಿಡಿದು ಬಾವಿಯ ನೀರಿಗೆ ಮುಟ್ಟುವ ಹಾಗೆ ಸಬಬ್ ಹಿಡಿದು ಸಂಗತಿಯ ಬುಡಕ್ಕೆ ಮುಟ್ಟಬೇಕು. ಇದೇ ಶಬ್ದ ಕನ್ನಡಕ್ಕೆ ಬಂದು ಸಬೂಬು ಆಗುವಷ್ಟರಲ್ಲಿ ಅದರ ಮಾನ ಹೋಯಿತು. ಸಬೂಬು ಎಂದರೆ ಈಗ ಹೊಂದಿಸಿ ಹೇಳಿದ ಕಾರಣ, ನೆಪ, ಜಾರಿಕೊಳ್ಳುವ ಉಪಾಯ. ಮರಾಠಿಯಲ್ಲಿಯೂ 'ಸಬಬ್' ಎಂದರೆ ನೆಪವೇ. ಅರ್ಜಿ, ವಕೀಲ, ದಾವೆ, ತಕರಾರು, ಜಾಮೀನು, ಇವೆಲ್ಲ ಅದೇ ದಾರಿಯಲ್ಲಿ ಬಂದು ತಮ್ಮ ಅಂತಸ್ತು ಉಳಿಸಿಕೊಂಡವು; ಪಾಪ, ಸಬಬ್ ಒಂದೇ ಕೆಟ್ಟಿತು. ಕಚೇರಿಗಳಲ್ಲಿ ಜನ ಕೊಟ್ಟ ಸಬಬ್‌ಗಳನ್ನು ಕೇಳಿ ಕೇಳಿ ಹಾಗಾಯಿತೋ ಏನೋ.

ಕಾರಣಕ್ಕೆ ಉರ್ದುವಿನಲ್ಲಿ ಇನ್ನೊಂದು ಶಬ್ದ 'ವಜಹ್'. ಅದರ ಮೂಲದಲ್ಲಿ ಮುಖವೆಂಬ ಅರ್ಥ. "ನಿನ್ನ ಮುಖ ನೋಡಿ ಬಿಟ್ಟೀನಿ" ಎಂದು ನಮ್ಮವ್ವ ಅಂಗಡಿಯವನಿಗೆ ಹೇಳುತ್ತಿದ್ದಳು. ಎಲ್ಲಿಯ ಅರಬಸ್ತಾನ, ಎಲ್ಲಿಯ ಸೇಡಂ! ಮುಖವೇ ಕಾರಣವೆಂಬುದು ಎರಡು ಕಡೆಯವರಿಗೂ ತಿಳಿದಿತ್ತು.

ಕೊಟ್ಟು ತೆಗೆದುಕೊಳ್ಳುವುದು ಒಂದೇ ಕಡೆಯಿಂದ ನಡೆದದ್ದಲ್ಲ. ಕನ್ನಡದ 'ಏಕೆಂದರೆ' ಬಿಡಿಸಿ ನೋಡಿ: ಏಕೆ ಎಂದರೆ. ತೆಲುಗಿನ 'ಎಂದುಕಂಟೇ'ಯೂ ಹಾಗೆಯೇ: ಎಂದುಕು ಅಂಟೇ. ಎದುರಿಗಿದ್ದವನು ಏಕೆ ಎಂದು ಕೇಳಿದಂತೆ ನಾವೇ ಊಹಿಸಿಕೊಂಡು ಉತ್ತರ ಕೊಡುವ ಪದ್ಧತಿ ಇದು. ದಿಲ್ಲಿ ಕಡೆಯ ಉರ್ದು 'ಕ್ಯೂಂಕಿ' ಎಂದು ಒಂದೇ ಮಾತಿನಲ್ಲಿ ಮುಗಿಸುತ್ತದೆ. ಆದರೆ ನಮ್ಮ ಹೈದರಾಬಾದಿನ ದಖನಿಯವರು ಏನನ್ನುತ್ತಾರೆ? "ಕಾಯ್ಕು ಬೋಲೇತೋ!" ಏಕೆ ಎಂದರೆ! ಶಬ್ದ ಅವರದು, ಕಟ್ಟಡ ನಮ್ಮದು. ನೂರಾರು ವರ್ಷ ಒಂದೇ ಸಂತೆಯಲ್ಲಿ ಕೊಂಡು ಮಾರಿದವರ ಬಾಯಿಗಳು ಹೀಗೆ ಒಂದಕ್ಕೊಂದು ಹೊಂದಿಕೊಂಡವು. ಚಾರ್‌ಮಿನಾರಿನ ಹತ್ತಿರ ಆಟೋದವನು "ಉಧರ್ ನೈ ಆತೂಂ, ಕಾಯ್ಕು ಬೋಲೇತೋ..." ಎಂದು ಶುರು ಮಾಡಿದಾಗಲೆಲ್ಲ ನನಗೆ ಕಿವಿಯಲ್ಲಿ ಕನ್ನಡವೇ ಕೇಳಿಸಿದಂತಾಗುತ್ತದೆ. ಅವನು ಮುಂದೆ ಹೇಳುವುದು ಬಹುಮಟ್ಟಿಗೆ ಸಬೂಬೇ ಆಗಿರುತ್ತದೆ, ಅದು ಬೇರೆ ಮಾತು.

ಇಷ್ಟೆಲ್ಲ ಉಪನ್ಯಾಸ ಮುಗಿಸಿ ನಾನು ನೋಟ್‌ಬುಕ್ಕಿನತ್ತ ಬಗ್ಗಿ ನೋಡಿದೆ. ಐದೂ ಶಬ್ದಗಳನ್ನು ಹುಡುಗಿ ನೀಟಾಗಿ ಬರೆದುಕೊಂಡಿದ್ದಳು, ತೆಲುಗು ಅಕ್ಷರಗಳಲ್ಲಿ. 2018ರ ಕಾಯಿದೆಯಾದ ಮೇಲೆ ತೆಲಂಗಾಣದ ಶಾಲೆಗಳಲ್ಲಿ ತೆಲುಗು ಕಡ್ಡಾಯ; ಅದನ್ನವಳು ಚೆನ್ನಾಗಿ ಬರೆಯುತ್ತಾಳೆ. ಕನ್ನಡ ಮಾತಾಡುತ್ತಾಳೆ, ಬರೆಯಲು ಬರುವುದಿಲ್ಲ. ಅವಳಪ್ಪನಿಗೂ, ಅಂದರೆ ನನ್ನ ಮಗನಿಗೂ ಅಷ್ಟೆ.

"ವಾಕ್ಯ ನಾನೇ ಮಾಡ್ತೀನಿ ಮುತ್ಯಾ," ಎಂದು ಪೆನ್ಸಿಲ್ ಕಚ್ಚುತ್ತ ಕೂತವಳು ಥಟ್ಟನೆ ಕೇಳಿದಳು: "ನಮ್ಮಪ್ಪಗ ಕನ್ನಡ ಓದಾಕ ಯಾಕ ಬರಂಗಿಲ್ಲ? ನೀ ಇಷ್ಟು ಪುಸ್ತಕ ಇಟ್ಟೀದಿ."

ನಾನು ಹೇಳತೊಡಗಿದೆ. ಆಗ ನನಗೆ ಆಫೀಸಿನ ಕೆಲಸ ಬಹಳ ಇತ್ತು. ಯಾವಾಗ ವರ್ಗವಾಗುತ್ತದೋ ತಿಳಿಯುತ್ತಿರಲಿಲ್ಲ. ಇಂಗ್ಲಿಷ್ ಶಾಲೆಗೆ ಹಾಕದಿದ್ದರೆ ಮುಂದೆ ನೌಕರಿ ಸಿಗದೆಂದು ಎಲ್ಲರೂ ಹೇಳುತ್ತಿದ್ದರು. ಆ ಶಾಲೆಯಲ್ಲಿ ಕನ್ನಡ ಇರಲಿಲ್ಲ. ಕನ್ನಡ ಕಲಿಸುವ ಶಾಲೆಯಲ್ಲಿ ಸೀಟು ಸಿಗಲಿಲ್ಲ.

ಅವಳು ಬೆರಳು ಮಡಿಸಿ ಎಣಿಸುತ್ತಿದ್ದಳು. "ಐದು ಹೇಳಿದಿ. ಇದರಾಗ ಯಾವ್ದು ಕಾರಣ, ಯಾವ್ದು ನಿಮಿತ್ತ, ಯಾವ್ದು ಸಬೂಬು?"

ಕುಚೋದ್ಯಕ್ಕೆ ಕೇಳಿದ್ದಲ್ಲ. ಅವಳಿಗೆ ವಾಕ್ಯ ಬೇಕಾಗಿತ್ತು, ಅಷ್ಟೆ. ನನಗೆ ಮಾತ್ರ ಉತ್ತರ ಹೊರಡಲಿಲ್ಲ.

ಓದುಗರ ಮುಂದೆ ಮುಚ್ಚಿಡುವುದೇನಿದೆ? ಕಾಚಿಗುಡ ನಮ್ಮ ಮಲಕಪೇಟೆಗೆ ಪಕ್ಕದ ಸ್ಟೇಷನ್ನು. ಅಲ್ಲಿ ಕರ್ನಾಟಕ ಸಾಹಿತ್ಯ ಮಂದಿರವಿತ್ತು, ಕನ್ನಡಿಗರೇ ಕಟ್ಟಿ ಬೆಳೆಸಿದ ನೃಪತುಂಗ ಶಾಲೆ ಇತ್ತು. ನಮ್ಮ ವಠಾರದ ಕನ್ನಡ ಮಕ್ಕಳು ಕೆಲವರು ಆ ಕಡೆಗೆ ಹೋಗಿ ಓದಿಕೊಂಡು ಬಂದವರೇ. 1984ರಲ್ಲಿ ಮಗನನ್ನು ಶಾಲೆಗೆ ಹಾಕುವಾಗ ಸೀಟು ಸಿಗಲಿಲ್ಲವೆಂದು ಊರಿನಲ್ಲಿದ್ದ ಅವ್ವನಿಗೆ ಪತ್ರ ಬರೆದೆ. ಅವಳಿಗೇಕೆ, ಮುಂದೆ ಎಲ್ಲರಿಗೂ ಅದನ್ನೇ ಹೇಳಿದೆ. ನಿಜ ಸಂಗತಿಯೆಂದರೆ, ನಾನು ಆ ಶಾಲೆಯ ಬಾಗಿಲಿಗೂ ಹೋಗಿರಲಿಲ್ಲ. ಆಫೀಸಿನ ಮೇಲಧಿಕಾರಿಗಳ ಮಕ್ಕಳು ಓದುವ ಶಾಲೆಯಲ್ಲಿ ನನ್ನ ಮಗನೂ ಟೈ ಕಟ್ಟಿಕೊಂಡು ಓದಬೇಕೆಂದು ನನಗೆ ಆಸೆ ಇತ್ತು. ಅದು ಮೋಟಿವ್. ಇಂಗ್ಲಿಷ್ ಶಾಲೆಗೆ ಹಾಕಿದ್ದನ್ನು ತಪ್ಪೆನ್ನಲಾರೆ. ಮನೆಯಲ್ಲಿ ದಿನಕ್ಕೆ ಅರ್ಧ ಗಂಟೆ ಕೂತು ಅ ಆ ಇ ಈ ತಿದ್ದಿಸಲು ಯಾವ ಅಧಿಕಾರಿ ಅಡ್ಡ ಬಂದಿದ್ದ? ವರ್ಗದ ಭಯ ಎಂದೆ, ವರ್ಗವಾಗಲೇ ಇಲ್ಲ.

ನಮ್ಮ ಅಪ್ಪನ ಕಾಲದವರಿಗೆ ಕನ್ನಡ ಬಾರದಿದ್ದುದಕ್ಕೆ ಗಟ್ಟಿಯಾದ ಕಾರಣವಿತ್ತು. ಸರಕಾರವೇ ಬೇರೆ ಭಾಷೆಯದು. ಆದರೂ ಆ ದಿನಗಳಲ್ಲಿಯೇ, 1920ರ ದಶಕದಲ್ಲಿ, ರಾಯಚೂರಿನಲ್ಲಿ ಪಂಡಿತ ತಾರಾನಾಥರು ಹಮ್ದರ್ದ್ ಶಾಲೆ ನಡೆಸಿದರು. ಹಳ್ಳಿಗಳಲ್ಲಿ ಮಠದ ಅಯ್ಯನವರು ಜಗಲಿಯ ಮೇಲೆ ಮರಳು ಹರವಿ ಅಕ್ಷರ ತಿದ್ದಿಸಿದರು. ನಮ್ಮವ್ವ ಓದು ಬರಹ ಕಲಿತದ್ದು ಅಂಥ ಮರಳಿನಲ್ಲಿಯೇ. ಕಾರಣವಿದ್ದವರು ಅದನ್ನು ಮುಂದೊಡ್ಡಿ ಕೂಡಲಿಲ್ಲ. 1948ರಲ್ಲಿ ನಿಜಾಮರ ಆಳ್ವಿಕೆ ಹೋಯಿತು, 1956ರಲ್ಲಿ ನಮ್ಮ ಜಿಲ್ಲೆಗಳು ಕನ್ನಡ ನಾಡನ್ನು ಸೇರಿದವು. ಆಮೇಲೆ ಬಂದ ನಮಗೆ ಕಾರಣವಿರಲಿಲ್ಲ; ಆದ್ದರಿಂದಲೇ ಇಷ್ಟೊಂದು ಸಬೂಬು ಬೇಕಾಯಿತು.

ಅವ್ವ ಮೊಮ್ಮಗನಿಗೆ ಕಾರ್ಡು ಬರೆಯುತ್ತಿದ್ದಳು. 15 ಪೈಸೆಯ ಅಂಚೆ ಕಾರ್ಡು. ಹುಡುಗ ಓದಿಕೊಳ್ಳಲೆಂದು ಹುಣಸೆಬೀಜದಷ್ಟು ದಪ್ಪ ಅಕ್ಷರ. ಒಂದು ಕಾರ್ಡಿನಲ್ಲಿ ಐದಾರು ಸಾಲಿಗಿಂತ ಹೆಚ್ಚು ಹಿಡಿಸುತ್ತಿರಲಿಲ್ಲ. ನಾನೇ ಓದಿ ಹೇಳುತ್ತಿದ್ದೆ. ಎಮ್ಮೆ ಈದದ್ದು, ಕಾಗಿಣಾ ತುಂಬಿ ಬಂದದ್ದು, ತೊಗರಿಗೆ ಹುಳ ಬಿದ್ದದ್ದು. ಆದರೆ ಪ್ರತಿ ಕಾರ್ಡಿನಲ್ಲಿಯೂ ಮೊದಲಿಗೆ ಒಂದು ಸಾಲು ಇರುತ್ತಿತ್ತು. ಅದನ್ನು ನಾನು ಯಾವತ್ತೂ ಗಟ್ಟಿಯಾಗಿ ಓದಲಿಲ್ಲ. 1991ರಲ್ಲಿ ಅವ್ವ ಹೋದಳು. ಕಾರ್ಡುಗಳು ಬಿಸ್ಕತ್ತಿನ ಡಬ್ಬಿಯೊಂದರಲ್ಲಿ ಉಳಿದವು.

ಆ ಸಂಜೆ ಹುಡುಗಿ ನಾನು ಸುಮ್ಮನಾದದ್ದನ್ನು ಕಂಡು ತಾನೇ ವಾಕ್ಯ ಮಾಡಿಕೊಂಡು ಹೋದಳು. ಮರುದಿನ ಬೆಳಿಗ್ಗೆ ನೋಟ್‌ಬುಕ್ಕು ತೆರೆದು ನೋಡಿದೆ. ತೆಲುಗು ಅಕ್ಷರದಲ್ಲಿ ಕನ್ನಡ ವಾಕ್ಯ; ನಿಧಾನವಾಗಿ ಓದಿದರೆ ನನಗೆ ತಿಳಿಯುತ್ತದೆ. ನಾಲ್ಕು ಸಾಧಾರಣವಾಗಿದ್ದವು: ಮಳೆಯ ಕಾರಣ ಶಾಲೆಗೆ ರಜೆ, ಹಬ್ಬದ ನಿಮಿತ್ತ ಹೋಳಿಗೆ, ಹೀಗೆ. ಐದನೆಯದು: "ಸೀಟು ಸಿಗಲಿಲ್ಲ ಅಂತ ಮುತ್ಯಾ ಸಬೂಬು ಹೇಳಿದ." ನಾನೇನೂ ಬಾಯಿ ಬಿಟ್ಟಿರಲಿಲ್ಲ. ಹೊಗೆ ಕಂಡಿತ್ತು, ಹುಡುಗಿಗೆ ಅಷ್ಟೇ ಸಾಕಾಗಿತ್ತು. ಅಳಿಸಬೇಕೆಂದು ರಬ್ಬರು ಕೈಗೆ ತೆಗೆದುಕೊಂಡದ್ದೂ ಉಂಟು. ಅಳಿಸಲಿಲ್ಲ.

ಆ ಭಾನುವಾರದಿಂದ ಅವಳಿಗೆ ಕನ್ನಡ ಅಕ್ಷರ ಹೇಳಿಕೊಡಲು ಕೂತೆ. ತೆಲುಗು ಬಲ್ಲವರಿಗೆ ಕನ್ನಡ ಲಿಪಿ ಎಷ್ಟರ ಮಾತು! ತಲೆಕಟ್ಟು ಬೇರೆ, ಕೆಲವು ಅಕ್ಷರಗಳ ಬಳುಕು ಬೇರೆ, ಉಳಿದದ್ದು ಅಕ್ಕತಂಗಿಯರ ಮುಖದಂತೆ. ಮೂರು ಭಾನುವಾರಗಳಲ್ಲಿ ಒತ್ತಕ್ಷರದವರೆಗೆ ಬಂದಳು. ಮೂವತ್ತು ವರ್ಷ ನಾನು ಹೇಳಿಕೊಂಡು ಬಂದ ಸಬೂಬಿನ ಅಳತೆ ಮೂರು ಭಾನುವಾರ.

ನಾಲ್ಕನೆಯ ಭಾನುವಾರ ಡಬ್ಬಿ ಇಳಿಸಿ ಒಂದು ಕಾರ್ಡು ಅವಳ ಕೈಗೆ ಕೊಟ್ಟೆ. ಮಗನೂ ಮನೆಯಲ್ಲಿದ್ದ, ಪೇಪರು ಮಡಿಸಿಟ್ಟು ಹತ್ತಿರ ಬಂದು ಕೂತ. ಹುಡುಗಿ ಅಕ್ಷರದ ಮೇಲೆ ಬೆರಳಿಟ್ಟು, ತಡವರಿಸುತ್ತ, ನಾನು ಎಂದೂ ಓದದ ಆ ಮೊದಲನೆಯ ಸಾಲನ್ನು ಓದಿದಳು:

"ಇದನ್ನ ನೀನೇ ಓದು ಮಗಾ. ಅಪ್ಪನ ಕಡಿಂದ ಓದಸಬ್ಯಾಡ."

ಮಗ ನನ್ನ ಮುಖ ನೋಡಿದ. ಯಾಕೆಂದು ಕೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಗಳ ಕೈಯಿಂದ ಕಾರ್ಡು ತೆಗೆದುಕೊಂಡು, "ಇದು ಯಾವ ಅಕ್ಷರ?" ಎಂದು ಅವಳನ್ನು ಕೇಳಿದ.